ಕೋವಿಡ್ ಬಂದು ಹೋದ ಮೇಲೆ ಹುರಿದದ್ದೆಲ್ಲ ನಾರುತ್ತಿದೆ. ಯಾರಿಗಾದರೂ ಸರಿಹೋಗಿದೆಯೇ?

ಸಾರಿನಪುಡಿ ಮೈಸೂರು
6 ಸೆಪ್ಟೆಂಬರ್ 2021

ನಾನು ಮೈಸೂರಿನಲ್ಲಿ ಮನೆಯಲ್ಲಿಯೇ ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ, ಪುಳಿಯೋಗರೆ ಗೊಜ್ಜು ಮಾಡಿ ಮಾರುವವಳು. ಅಂಗಡಿಯಿಲ್ಲ, ಫಲಕವಿಲ್ಲ. ಕುವೆಂಪುನಗರ, ಸರಸ್ವತಿಪುರಂ ಕಡೆಯ ಮನೆಗಳು, ಬೆಂಗಳೂರು ಸೇರಿರುವ ಅವರ ಮಕ್ಕಳು, ಅಮೆರಿಕಕ್ಕೆ ಹೊರಟವರ ಪೆಟ್ಟಿಗೆ ತುಂಬುವ ಅಜ್ಜಿಯರು, ಇವರೇ ನನ್ನ ಗಿರಾಕಿಗಳು. ಈ ಕೆಲಸಕ್ಕೆ ಬಾಣಲೆ ಎಷ್ಟು ಮುಖ್ಯವೋ ಮೂಗೂ ಅಷ್ಟೇ ಮುಖ್ಯ. ಆ ಮೂಗೇ ಈಗ ಕೈಕೊಟ್ಟಿದೆ.

ಮೇ ತಿಂಗಳಲ್ಲಿ, ಎರಡನೇ ಅಲೆ ಜೋರಾಗಿದ್ದಾಗ ನಮ್ಮ ಮನೆಗೂ ಬಂತು. ಮೊದಲು ಯಜಮಾನರಿಗೆ ಜ್ವರ, ಹಿಂದೆಯೇ ನನಗೆ ಮೈಕೈ ನೋವು. ನಾನು ಏಪ್ರಿಲ್‌ನಲ್ಲಿ ಕೋವಿಶೀಲ್ಡ್ ಲಸಿಕೆಯ ಮೊದಲ ಡೋಸ್ ಹಾಕಿಸಿಕೊಂಡಿದ್ದೆ. ಅವರು ‘ನೋಡೋಣ’ ಎಂದು ಮುಂದೂಡುತ್ತಲೇ ಇದ್ದರು. ಗಂಟಲ ದ್ರವ ಕೊಟ್ಟು, ಪರೀಕ್ಷೆಯ ಗುರುತಿಗೆ ಕೊಟ್ಟ ಎಸ್‌ಆರ್‌ಎಫ್ ಸಂಖ್ಯೆ ಹಿಡಿದುಕೊಂಡು ಕಾದಿದ್ದೇ ಕಾದಿದ್ದು. ‘ಪಾಸಿಟಿವ್’ ಎಂಬ ಸಂದೇಶ ಮೊಬೈಲಿಗೆ ಬರುವ ಹೊತ್ತಿಗೆ ನನ್ನ ಜ್ವರ ಇಳಿದಿತ್ತು, ಅವರ ಆಮ್ಲಜನಕ 92ಕ್ಕೆ ಬಂದಿತ್ತು. ಹಾಸಿಗೆ ಸಿಕ್ಕಿದ್ದು ನಮ್ಮ ಪುಣ್ಯ. ಆಮ್ಲಜನಕ, ಸ್ಟೀರಾಯ್ಡ್, ಕವುಚಿ ಮಲಗುವುದು ಎಲ್ಲ ಆಗಿ ಮನೆಗೆ ಬಂದರು. ಸ್ಟೀರಾಯ್ಡ್‌ನಿಂದ ಏರಿದ ಸಕ್ಕರೆ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ, ಉಳಿದಂತೆ ಚೆನ್ನಾಗಿದ್ದಾರೆ. ಊಟದಲ್ಲಿ ತಪ್ಪು ಹುಡುಕುವಷ್ಟು ಚೆನ್ನಾಗಿದ್ದಾರೆ.

ನನ್ನದು ಆಸ್ಪತ್ರೆ ಕಾಣದ ಕಾಯಿಲೆ. ಹೋದದ್ದು ವಾಸನೆ ಮಾತ್ರ. ವಿಕ್ಸ್ ಹಚ್ಚಿಕೊಂಡರೆ ಮೂಗಿನೊಳಗೆ ತಣ್ಣಗೆ ಉರಿಯುತ್ತಿತ್ತು, ವಾಸನೆ ಮಾತ್ರ ಇರಲಿಲ್ಲ. ನಾಲಿಗೆಗೆ ಉಪ್ಪು, ಹುಳಿ, ಸಿಹಿ ಎಲ್ಲ ತಿಳಿಯುತ್ತಿತ್ತು, ಆದರೆ ತಿಳಿಸಾರು ಬಾಯಿಗೆ ಬಿಸಿ ಉಪ್ಪುನೀರಾಗಿತ್ತು. ಜುಲೈ ಕೊನೆಯಲ್ಲಿ ಏನೋ ಬರತೊಡಗಿತು ಎಂದು ಸಂತೋಷಪಟ್ಟೆ. ಬಂದದ್ದು ನಾತ! ಡಿಕಾಕ್ಷನ್ ಇಳಿಸಿದರೆ ಟೈರು ಸುಟ್ಟ ಹಾಗೆ. ಈರುಳ್ಳಿ ಬಾಡಿಸಿದರೆ ಅದೇ. ಬೆಳ್ಳುಳ್ಳಿ ಹೇಳುವುದೇ ಬೇಡ. ಕೊತ್ತಂಬರಿ ಬೀಜ ಬಾಣಲೆಯಲ್ಲಿ ಬಿಸಿಯಾಗುತ್ತಿದ್ದಂತೆ ಹೊಟ್ಟೆ ತೊಳಸಿ ಹಿತ್ತಲಿಗೆ ಓಡುತ್ತೇನೆ. ವಿಚಿತ್ರವೆಂದರೆ ಸೌತೆಕಾಯಿ ಕೋಸಂಬರಿ, ಇಡ್ಲಿ, ಮೊಸರು, ಬಾಳೆಹಣ್ಣಿಗೆ ಇದಾವ ತೊಂದರೆಯೂ ಇಲ್ಲ. ಹುರಿದದ್ದು, ಒಗ್ಗರಣೆ ಹಾಕಿದ್ದು ಮಾತ್ರ ಶತ್ರು. ನನ್ನ ಜೀವನವೇ ಹುರಿಯುವುದು.

ಕಿವಿ ಮೂಗು ಗಂಟಲಿನ ವೈದ್ಯರೊಬ್ಬರು ‘ತಾನಾಗಿಯೇ ಬರುತ್ತದೆ’ ಎಂದು ಮುಂದಿನವರನ್ನು ಕರೆದರು. ಬಂಧುಗಳು ‘ಜೀವ ಉಳಿಯಿತಲ್ಲ, ಮೂಗಿಗೇನು’ ಎನ್ನುತ್ತಾರೆ. ಆ ತಿಂಗಳು ನಮ್ಮ ಬೀದಿಯಲ್ಲಿಯೇ ಎರಡು ಮನೆಗಳಲ್ಲಿ ಸಾವಾಯಿತು, ಹಾಗಾಗಿ ಗಟ್ಟಿಯಾಗಿ ಹೇಳಿಕೊಳ್ಳಲು ನನಗೂ ಸಂಕೋಚ. ಆದರೂ ಕೇಳುತ್ತೇನೆ. ಹೀಗೆ ತಿರುಚಿಕೊಂಡು ಬಂದ ವಾಸನೆ ಯಾರಿಗಾದರೂ ನೆಟ್ಟಗಾಗಿದೆಯೇ? ಅಡುಗೆಯನ್ನೇ ನಂಬಿದವರು ಅಲ್ಲಿಯವರೆಗೆ ಕೆಲಸ ಹೇಗೆ ನಡೆಸಿದಿರಿ?

ಹಾಸನದ ಕಾಫಿಪುಡಿಯವನು
6 ಸೆಪ್ಟೆಂಬರ್ 2021

ಅಕ್ಕ, ನಾನು ಕಾಫಿ ಬೀಜ ಹುರಿದು ಪುಡಿ ಮಾಡಿ ಮಾರುವವನು. ನಿಮ್ಮ ಸಂಕಟ ನನಗಲ್ಲದೆ ಇನ್ನಾರಿಗೆ ಅರ್ಥವಾಗಬೇಕು?

ನನಗೆ ಬಂದದ್ದು ಮೊದಲ ಅಲೆಯಲ್ಲಿ, 2020ರ ಆಗಸ್ಟ್‌ನಲ್ಲಿ. ಜ್ವರ ಹೆಸರಿಗೆ ಮಾತ್ರ. ಹುರಿಯುವ ಡ್ರಮ್ಮಿನ ಮುಂದೆ ನಿಂತರೆ ಬಿಸಿ ಗಾಳಿ ಬಡಿಯುತ್ತಿತ್ತೇ ಹೊರತು ಕಾಫಿ ಇರಲಿಲ್ಲ. ದೀಪಾವಳಿಯ ಹೊತ್ತಿಗೆ ನೀವು ಹೇಳುವ ನಾತ ಶುರುವಾಯಿತು. ನಮ್ಮ ಅಂಗಡಿಯ ಪೀಬರಿ ಕಾಫಿ ನನಗೇ ವಾಕರಿಕೆ ತರಿಸುತ್ತಿತ್ತು. ಹುರಿಯುವುದನ್ನು ಮಗನಿಗೆ ಬಿಟ್ಟು, ಎರಡು ಮಾಸ್ಕ್ ಕಟ್ಟಿಕೊಂಡು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೆ. ಕೊರೊನಾ ವಿಷಯದಲ್ಲಿ ಎಷ್ಟು ಎಚ್ಚರಿಕೆ ಎಂದು ಗಿರಾಕಿಗಳು ಮೆಚ್ಚಿಕೊಂಡರು. ನಾನು ಹೆದರಿದ್ದು ಕಾಫಿಗೆ.

ಈಗ ವರ್ಷ ದಾಟಿದೆ. ನೆಟ್ಟಗಾಗಿದೆಯೇ ಎಂದರೆ, ರೂಪಾಯಿಗೆ ಹನ್ನೆರಡಾಣೆ. ನಾತ ಪೂರ್ತಿ ಹೋಗಿದೆ. ಅರೇಬಿಕಾ, ರೊಬಸ್ಟಾ ಬೇರೆ ಬೇರೆ ಎಂದು ತಿಳಿಯುತ್ತದೆ. ಚಿಕೋರಿ ಎಷ್ಟು ಬೆರೆತಿದೆ ಎಂದು ಮೊದಲು ಮೂಸಿಯೇ ಹೇಳುತ್ತಿದ್ದೆ, ಅದು ಇನ್ನೂ ಬಂದಿಲ್ಲ. ಒಂದೇ ದಿನ ಬಂದದ್ದಲ್ಲ. ಒಂದು ವಾರ ಪರವಾಗಿಲ್ಲ, ಮರುವಾರ ಮತ್ತೆ ಹಾಳು, ಹೀಗೆಯೇ ಏರಿಳಿಯುತ್ತಾ ಬಂತು. ಹಾಳಾದ ವಾರದಲ್ಲಿ ಎದೆಗುಂದಬೇಡಿ.

ಕೆಲಸಕ್ಕೆ ಕಿವಿ ಬಳಸಿದೆ. ಕಾಫಿ ಬೀಜ ಹುರಿಯುವಾಗ ಎರಡು ಸಲ ಸಿಡಿಯುತ್ತದೆ. ಮೊದಲನೆಯದು ಜೋರು ಸದ್ದು, ಎರಡನೆಯದು ಸಣ್ಣಗೆ ಚಿಟಪಟ. ಅವೆರಡರ ನಡುವೆ ಎಲ್ಲಿ ಇಳಿಸಬೇಕೆಂದು ಕಿವಿಗೆ ಅಭ್ಯಾಸವಿದ್ದೇ ಇತ್ತು, ಮೂಗಿನ ಗದ್ದಲದಲ್ಲಿ ಅದನ್ನು ಕೇಳಿಸಿಕೊಂಡಿರಲಿಲ್ಲ ಅಷ್ಟೆ. ಬಣ್ಣಕ್ಕೆ, ಚೆನ್ನಾಗಿ ಬಂದ ಹಳೆಯ ಒಬ್ಬೆಯ ಒಂದು ಹಿಡಿ ಬೀಜವನ್ನು ಬಾಟಲಿಯಲ್ಲಿ ಇಟ್ಟುಕೊಂಡು ಅದರ ಪಕ್ಕದಲ್ಲಿ ಹಿಡಿದು ನೋಡುತ್ತಿದ್ದೆ. ನಿಮ್ಮ ಕೊತ್ತಂಬರಿ, ಮೆಂತ್ಯಕ್ಕೂ ಇದು ನಡೆಯಬಹುದು.

ಊಟ ಆರಿದ ಮೇಲೆ ಮಾಡಿ. ಹಬೆ ಏಳುವಾಗ ನಾತ ಹೆಚ್ಚು.

ಇನ್ನೊಂದು ವಿಷಯ: ಹುಳಿ ಪುಡಿಗೆ ಒಂದು ಪಾವು ಕೊತ್ತಂಬರಿ ಬೀಜಕ್ಕೆ ಮೆಂತ್ಯ ಎಷ್ಟು ಹಾಕುತ್ತೀರಿ? ಇದು ಮನೆಯವರ ಪ್ರಶ್ನೆ, ಕೇಳದೆ ಹೋದರೆ ನನಗೆ ರಾತ್ರಿ ಊಟವಿಲ್ಲ.

ಕಷಾಯಪ್ರಿಯ, ತುಮಕೂರು
7 ಸೆಪ್ಟೆಂಬರ್ 2021

ತಾಯಿ, ಇಷ್ಟಕ್ಕೆಲ್ಲ ವೈದ್ಯರ ಬಳಿ ಏಕೆ ಹೋದಿರಿ? ಓಮವನ್ನು ಬೆಚ್ಚಗೆ ಮಾಡಿ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಮೂಸುತ್ತಿರಿ. ಅಮೃತಬಳ್ಳಿ, ಮೆಣಸು, ಶುಂಠಿ ಹಾಕಿದ ಕಷಾಯ ಮೂರು ಹೊತ್ತೂ ಕುಡಿಯಿರಿ. ಮಲಗುವಾಗ ಮೂಗಿಗೆ ಎರಡೆರಡು ಹನಿ ನಿಂಬೆರಸ. ನಮ್ಮ ಷಡ್ಡಕರಿಗೆ ಒಂದೇ ವಾರದಲ್ಲಿ ವಾಸನೆ ಬಂದಿದೆ. ನಮ್ಮ ಹಿರಿಯರು ದಡ್ಡರಾಗಿರಲಿಲ್ಲ.

ಉಡುಪಿಯ ದಾದಿ
7 ಸೆಪ್ಟೆಂಬರ್ 2021

ನಿಂಬೆರಸ ಬೇಡ. ದಯವಿಟ್ಟು ಬೇಡ. ಎರಡನೇ ಅಲೆಯಲ್ಲಿ ಈ ನಿಂಬೆರಸದ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಊರೂರು ಸುತ್ತಿತು. ಮೂಗಿನ ಒಳಪೊರೆ ಮೊದಲೇ ಪೆಟ್ಟು ತಿಂದಿದೆ, ಅದಕ್ಕೆ ಹುಳಿ ಹಿಂಡುವುದರಲ್ಲಿ ಯಾವ ಅರ್ಥವೂ ಇಲ್ಲ. ಓಮದ ಗಂಟಿನ ಬಗ್ಗೆ ನನಗೆ ತಕರಾರಿಲ್ಲ, ಮೂಸಿದರೆ ನಷ್ಟವೇನಿಲ್ಲ. ಮೂರು ಹೊತ್ತಿನ ಕಷಾಯದ ಬಗ್ಗೆ ಇದೆ: ಹೊಟ್ಟೆಯುರಿ ಎಂದು ಬಂದವರ ಕೈಯಲ್ಲಿ ಕಷಾಯದ ಫ್ಲಾಸ್ಕ್ ಇರುತ್ತಿತ್ತು. ಷಡ್ಡಕರಿಗೆ ಒಂದು ವಾರದಲ್ಲಿ ಬಂದದ್ದು ನಿಜವೇ ಇರಬಹುದು, ಏಕೆಂದರೆ ಬಹಳ ಜನರಿಗೆ ಏನೂ ಮಾಡದಿದ್ದರೂ ಕೆಲವು ವಾರಗಳಲ್ಲಿ ಬರುತ್ತದೆ.

ಮೈಸೂರಿನ ಅಕ್ಕ, ನಿಮಗಾಗಿರುವುದಕ್ಕೆ ವೈದ್ಯರು ಪರೋಸ್ಮಿಯಾ ಎನ್ನುತ್ತಾರೆ. ವೈರಸ್ಸು ಮೂಗಿನ ಮೇಲ್ಭಾಗದಲ್ಲಿ ಮುಖ್ಯವಾಗಿ ಹಾಳುಮಾಡುವುದು ವಾಸನೆಯ ನರಕೋಶಗಳಿಗೆ ಆಸರೆಯಾಗಿರುವ ಅಕ್ಕಪಕ್ಕದ ಕೋಶಗಳನ್ನು. ಅದು ಒಳನುಗ್ಗಲು ಬೇಕಾದ ಎಸಿಇ2 ಎಂಬ ಬಾಗಿಲು ಇರುವುದು ಅವುಗಳ ಮೇಲೆ. ಆಸರೆ ಹೋದ ಮೇಲೆ ನರಕೋಶಗಳೂ ಸೊರಗುತ್ತವೆ. ಒಳ್ಳೆಯ ಸುದ್ದಿ ಎಂದರೆ ವಾಸನೆಯ ನರಕೋಶಗಳು ಮತ್ತೆ ಹುಟ್ಟುತ್ತವೆ. ಹೊಸದಾಗಿ ಬೆಳೆಯುವಾಗ ಸಂಪರ್ಕಗಳು ಅರೆಬರೆಯಾಗಿರುವುದರಿಂದ ಮಿದುಳಿಗೆ ಹೋಗುವ ಸುದ್ದಿ ತಪ್ಪಾಗಿರುತ್ತದೆ ಎನ್ನುವುದು ತಜ್ಞರು ಕೊಡುವ ವಿವರಣೆ. ಏನೂ ಬಾರದಿದ್ದ ಕಡೆ ನಾತವಾದರೂ ಬಂದಿದೆ ಎಂದರೆ ಅಲ್ಲಿ ಕೆಲಸ ನಡೆಯುತ್ತಿದೆ ಎಂದೇ ತಿಳಿಯಿರಿ.

ಹುರಿದದ್ದೇ ಏಕೆ ಎಂಬುದಕ್ಕೂ ಕಾರಣವಿದೆ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು ಕಾಫಿಯ ಪರಿಮಳವನ್ನು ಬಿಡಿಬಿಡಿಯಾಗಿಸಿ ಇಂಥ ರೋಗಿಗಳಿಗೆ ಮೂಸಲು ಕೊಟ್ಟು ನೋಡಿದ್ದಾರೆ. ಅವರನ್ನು ಕಾಡಿದ್ದು ನೂರಾರು ಅಣುಗಳಲ್ಲಿ ಕೆಲವು ಮಾತ್ರ: ಗಂಧಕವಿರುವ ಕೆಲವು, ಹುರಿದಾಗ ಹುಟ್ಟುವ ಪೈರಜೀನ್‌ಗಳು ಕೆಲವು. ಇವು ಎಳ್ಳಷ್ಟಿದ್ದರೂ ಮೂಗು ಕಂಡುಹಿಡಿಯುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಇಂಗು ಮೂರರಲ್ಲಿಯೂ ಗಂಧಕವಿದೆ. ಕೋಸಂಬರಿಯಲ್ಲಿ ಇವಾವುವೂ ಹೆಚ್ಚಿಲ್ಲ.

ಮಾಡಬೇಕಾದ್ದು ವಾಸನೆಯ ತರಬೇತಿ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಹುಮ್ಮೆಲ್ ಎಂಬ ವೈದ್ಯರ ತಂಡ 2009ರಲ್ಲಿ ಪ್ರಕಟಿಸಿದ ಕ್ರಮದಿಂದ ಬೆಳೆದದ್ದು ಇದು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ, ಈ ನಾಲ್ಕನ್ನು ಒಂದೊಂದು ಸೀಸೆಯಲ್ಲಿಟ್ಟು ಬೆಳಿಗ್ಗೆ ಮತ್ತು ರಾತ್ರಿ ಒಂದೊಂದನ್ನೂ ಸುಮಾರು 20 ಸೆಕೆಂಡು ಮೆಲ್ಲನೆ ಮೂಸಬೇಕು. ಬಲವಾಗಿ ಎಳೆಯಬಾರದು. ಮೂಸುವಾಗ ಲವಂಗ ಎಂದರೆ ಹೇಗಿತ್ತು ಎಂದು ಮನಸ್ಸಿನಲ್ಲಿ ತಂದುಕೊಳ್ಳಬೇಕು. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಿ, ಆಮೇಲೆ ಬೇರೆ ನಾಲ್ಕು ವಾಸನೆಗಳಿಗೆ ಬದಲಾಯಿಸಿ. ಎಲ್ಲರಿಗೂ ಫಲ ಕೊಡುತ್ತದೆ ಎಂದು ಭರವಸೆ ಕೊಡಲಾರೆ, ಆದರೆ ಖರ್ಚಿಲ್ಲ, ಅಪಾಯವಿಲ್ಲ. ಸ್ಟೀರಾಯ್ಡ್ ಮಾತ್ರೆಯನ್ನು ಯಾರದೋ ಮಾತು ಕೇಳಿ ಔಷಧ ಅಂಗಡಿಯಿಂದ ತರಬೇಡಿ.

ಕೊನೆಯದಾಗಿ ಎರಡು ಎಚ್ಚರಿಕೆಗಳು. ಅಡುಗೆ ಅನಿಲಕ್ಕೆ ತನ್ನದೇ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದು ಅದಕ್ಕೆ ಬೆರೆಸುವುದೂ ಗಂಧಕದ ವಸ್ತುವೇ. ನಿಮಗೆ ಅದು ತಿಳಿಯದೆ ಹೋಗಬಹುದು, ಅಥವಾ ಒಗ್ಗರಣೆಯ ನಾತವೆಂದು ಸುಮ್ಮನಾಗಬಹುದು. ಕೆಲಸ ಮುಗಿದೊಡನೆ ರೆಗ್ಯುಲೇಟರ್ ಆರಿಸಿ, ಕೊಳವೆಗೆ ಸೋಪಿನ ನೊರೆ ಹಚ್ಚಿ ಆಗಾಗ ನೋಡಿ, ಸಂಶಯವಿದ್ದರೆ 1906ಕ್ಕೆ ಕರೆ ಮಾಡಿ. ಇನ್ನೊಂದು ನಿಮ್ಮ ಯಜಮಾನರಿಗೆ: ಸ್ಟೀರಾಯ್ಡ್ ತೆಗೆದುಕೊಂಡು ಸಕ್ಕರೆ ಏರಿದವರಿಗೆ ಕೆನ್ನೆಯ ಒಂದೇ ಕಡೆ ನೋವು, ಊತ, ಮೂಗಿನಲ್ಲಿ ಕಪ್ಪು ಸಿಂಬಳ, ಕಣ್ಣು ಮಂಜಾಗುವುದು ಇವುಗಳಲ್ಲಿ ಯಾವುದು ಕಂಡರೂ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಸಾರಿನಪುಡಿ ಮೈಸೂರು
18 ಅಕ್ಟೋಬರ್ 2021

ದಸರೆಯ ಕೆಲಸದಲ್ಲಿ ಉತ್ತರ ತಡವಾಯಿತು. ಉಡುಪಿಯ ತಂಗಿ, ನೀವು ಹೇಳಿದ ಅಷ್ಟು ಮಾತನ್ನು ಆ ವೈದ್ಯರು ಅರ್ಧ ನಿಮಿಷದಲ್ಲಿ ಹೇಳಿದ್ದರೂ ನಾನು ತಿಂಗಳುಗಟ್ಟಲೆ ಒಬ್ಬಳೇ ಹೆದರಬೇಕಿರಲಿಲ್ಲ. ಯಜಮಾನರಿಗೆ ನೀವು ಹೇಳಿದ ಲಕ್ಷಣಗಳೇನೂ ಇಲ್ಲ. ಆದರೆ ದಿನವೂ ಕನ್ನಡಿಯಲ್ಲಿ ಕೆನ್ನೆ ಒತ್ತಿ ನೋಡಿಕೊಳ್ಳುತ್ತಾರೆ.

ತರಬೇತಿ ನಡೆಯುತ್ತಿದೆ. ಗುಲಾಬಿಗೆ ದೇವರಾಜ ಮಾರುಕಟ್ಟೆಯಿಂದ ನಾಟಿ ಹೂವು ತಂದೆ, ಹೂವು ಇಲ್ಲದ ದಿನ ಪನ್ನೀರು. ಲವಂಗ ಮನೆಯಲ್ಲಿ ಡಬ್ಬಿಗಟ್ಟಲೆ ಇದೆ. ಮೊದಲಿಗೆ ನಾಲ್ಕೂ ಒಂದೇ, ರಟ್ಟಿನ ವಾಸನೆ. ಈಗ ನಿಂಬೆ ನಿಂಬೆಯಾಗಿದೆ. ನೀಲಗಿರಿಯ ತಣ್ಣನೆಯ ಚುಚ್ಚು ಮೊದಲೂ ತಿಳಿಯುತ್ತಿತ್ತು, ಅದರ ಹಿಂದಿನ ಎಲೆಯ ವಾಸನೆ ಈಚೆಗೆ ಆಗೊಮ್ಮೆ ಈಗೊಮ್ಮೆ ಇಣುಕುತ್ತದೆ. ಕಾಫಿ ಇನ್ನೂ ಟೈರೇ.

ಕೆಲಸದ ವಿಷಯ ಕೇಳಿದವರಿಗಾಗಿ ಬರೆಯುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಕೊತ್ತಂಬರಿ ಬೀಜ ಹದವಾದಾಗ ಸೌಟಿಗೆ ಹಗುರವಾಗುತ್ತದೆ, ಬಾಣಲೆಯಲ್ಲಿ ಗಲಗಲ ಎನ್ನುತ್ತದೆ. ನಾಲ್ಕು ಕಾಳು ಅಂಗೈಯಲ್ಲಿ ತಿಕ್ಕಿದರೆ ಪಸೆಯಿಲ್ಲದೆ ಪುಡಿಯಾಗಬೇಕು. ಮೆಂತ್ಯಕ್ಕೆ ಕಣ್ಣು ಸಾಲದು, ಕ್ಷಣಮಾತ್ರದಲ್ಲಿ ದಾಟಿಹೋಗುತ್ತದೆ. ಅಲ್ಲಿ ನಾಲಿಗೆ ಸಹಾಯಕ್ಕೆ ಬಂತು. ಕಹಿ ತಿಳಿಯಲು ಮೂಗು ಬೇಡ. ಒಂದು ಕಾಳು ಕಡಿದರೆ ಹದದ ಕಹಿ ಬೇರೆ, ಸೀದ ಕಹಿ ಬೇರೆ. ಬ್ಯಾಡಗಿ ಮೆಣಸಿನಕಾಯಿಗೆ ನಾಲ್ಕು ಹನಿ ಹರಳೆಣ್ಣೆ ಹಾಕಿ ಹುರಿಯುತ್ತೇನೆ. ಅದರ ಘಾಟು ನನ್ನನ್ನು ಎಂದೂ ಕೈಬಿಟ್ಟಿಲ್ಲ, ಮೂಗಿಗೆ ಏನೂ ತಿಳಿಯದಿದ್ದ ದಿನಗಳಲ್ಲಿಯೂ ಕೆಮ್ಮು ಬರುತ್ತಿತ್ತು. ಖಾರದ ನರ ಬೇರೆಯಂತೆ. ಜೀರಿಗೆಯನ್ನು ಒಲೆ ಆರಿಸಿದ ಮೇಲೆ ಬಾಣಲೆಯ ಬಿಸಿಗೇ ಬಿಡುತ್ತೇನೆ, ಅಲ್ಲಿಗೆ ಸೀಯುವ ಭಯವಿಲ್ಲ. ಇಂಗನ್ನು ತೂಕದ ಯಂತ್ರದಲ್ಲಿ ತೂಗಿ ಹಾಕುತ್ತೇನೆ. ನಮ್ಮ ಅತ್ತೆಯವರು ಇದ್ದಿದ್ದರೆ ಇಂಗು ತೂಗುವ ಸೊಸೆಯನ್ನು ನೋಡಿ ನಕ್ಕೇ ನಗುತ್ತಿದ್ದರು. ಹಾಸನದವರ ಬಾಟಲಿ ಉಪಾಯವೂ ನಡೆಯುತ್ತಿದೆ.

ಇಷ್ಟಾದರೂ ಕೊನೆಯ ತೀರ್ಪು ಪಕ್ಕದ ಮನೆಯ ಹುಡುಗಿಯದು. ಬಿ.ಕಾಂ. ಓದುತ್ತಿದ್ದಾಳೆ. ಪ್ರತಿ ಒಬ್ಬೆಯನ್ನೂ ಮೂಸಿ ‘ಸರಿ’, ‘ಹಸಿ’, ‘ಸೀದಿದೆ’ ಎಂದು ಹೇಳುವುದು ಅವಳ ಕೆಲಸ, ಸಂಬಳ ಚಟ್ನಿ ಪುಡಿ. ಮೊದಲ ಸಲ ಅವಳು ‘ಹಸಿ’ ಎಂದಾಗ ಈ ಮಗುವಿಗೇನು ಗೊತ್ತು ಎಂದು ನನಗೆ ಸಿಟ್ಟು ಬಂತು. ತಿಕ್ಕಿ ನೋಡಿದರೆ ನಿಜವಾಗಿ ಹಸಿಯಾಗಿತ್ತು.

ಹಾಸನದವರೇ, ಒಂದು ಪಾವು ಕೊತ್ತಂಬರಿಗೆ ಒಂದು ದೊಡ್ಡ ಚಮಚ ಮೆಂತ್ಯ ಸಾಕು. ಮನೆಯವರಿಗೆ ತಿಳಿಸಿ.

ಕಷಾಯಪ್ರಿಯರೇ, ಓಮದ ಗಂಟು ಕಟ್ಟಿಕೊಂಡಿದ್ದೇನೆ. ನಿಂಬೆರಸ ಸಾರಿಗೆ ಹಿಂಡುತ್ತಿದ್ದೇನೆ.

ಧಾರವಾಡದ ಶಿಕ್ಷಕ
20 ಅಕ್ಟೋಬರ್ 2021

ನನ್ನ ಮೂಗು ಸರಿಯಾಗಿದೆ, ಕೈಕೊಟ್ಟಿರುವುದು ಕಾಲು. ಏಪ್ರಿಲ್ ಕೊನೆಯಲ್ಲಿ ಸೋಂಕು, ಮನೆಯಲ್ಲಿಯೇ ಗುಣ. ಆಗಸ್ಟ್ 23ರಂದು ಒಂಬತ್ತು, ಹತ್ತನೆಯ ತರಗತಿಗಳು ಶುರುವಾದಾಗ ಉತ್ಸಾಹದಿಂದ ಹೋದೆ. ಎರಡು ಪಾಠ ನಿಂತು ಮಾಡಿದರೆ ಆಗ ಏನೂ ಅನ್ನಿಸುವುದಿಲ್ಲ, ಮರುದಿನ ಹಾಸಿಗೆ ಬಿಟ್ಟು ಏಳಲು ಆಗುವುದಿಲ್ಲ. ರಕ್ತ ಪರೀಕ್ಷೆ, ಎದೆಯ ಸ್ಕ್ಯಾನ್ ಎಲ್ಲ ಸರಿಯಾಗಿದೆ. ‘ಎಲ್ಲ ಸರಿಯಿದೆ’ ಎಂಬ ವರದಿ ಹಿಡಿದುಕೊಂಡು ಮಲಗುವುದು ಎಷ್ಟು ಮುಜುಗರದ ವಿಷಯವೆಂದರೆ, ಮೈಗಳ್ಳ ಎಂದು ಸಹೋದ್ಯೋಗಿಗಳು ಅಂದುಕೊಳ್ಳುವುದಕ್ಕೆ ಮೊದಲು ನಾನೇ ಅಂದುಕೊಳ್ಳುತ್ತೇನೆ.

ಈ ತಿಂಗಳು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ನಂತರದ ಸ್ಥಿತಿಗೆ ಒಂದು ವ್ಯಾಖ್ಯಾನ ಕೊಟ್ಟಿದೆ: ಸಾಮಾನ್ಯವಾಗಿ ಕಾಯಿಲೆ ಶುರುವಾಗಿ ಮೂರು ತಿಂಗಳಾದ ಮೇಲೂ ಕಾಣಿಸಿಕೊಳ್ಳುವ, ಕನಿಷ್ಠ ಎರಡು ತಿಂಗಳು ಇರುವ, ಬೇರೆ ಕಾರಣದಿಂದ ವಿವರಿಸಲಾಗದ ತೊಂದರೆಗಳು. ಅದನ್ನು ಮುದ್ರಿಸಿಕೊಂಡು ಮುಖ್ಯೋಪಾಧ್ಯಾಯರಿಗೆ ತೋರಿಸಿದ ಮೇಲೆ ಕುರ್ಚಿ ಕೊಟ್ಟರು. ಈಗ ಕುಳಿತು ಪಾಠ ಮಾಡುತ್ತೇನೆ, ಒಳ್ಳೆಯ ದಿನ ಬಂದಾಗ ಎರಡು ದಿನದ ಕೆಲಸ ಮುಗಿಸುವ ಆಸೆಯನ್ನು ಬಿಟ್ಟಿದ್ದೇನೆ. ಅಕ್ಕ, ನಿಮಗೂ ಹೀಗೆ ಸುಸ್ತು ಇತ್ತೇ?

ಸಾರಿನಪುಡಿ ಮೈಸೂರು
20 ಅಕ್ಟೋಬರ್ 2021

ಜೂನ್‌ನಲ್ಲಿ ಇತ್ತು, ಗಿರಣಿಗೆ ಹೋಗಿ ಬಂದರೆ ಕುಳಿತುಬಿಡುತ್ತಿದ್ದೆ. ನಿಧಾನವಾಗಿ ಹೋಯಿತು. ಆಗಸ್ಟ್‌ನಲ್ಲಿ ಸ್ನಾನ ಮಾಡುವಾಗ ಕೂದಲು ಹಿಡಿಹಿಡಿಯಾಗಿ ಬಂದು ಹೆದರಿದ್ದೆ. ಜೋರು ಜ್ವರ ಬಂದ ಎರಡು ಮೂರು ತಿಂಗಳಿಗೆ ಹಾಗೆ ಉದುರಿ ಮತ್ತೆ ಬೆಳೆಯುತ್ತದೆ ಎಂದು ಎರಡನೇ ಡೋಸ್ ಹಾಕಿದ ನರ್ಸ್ ಹೇಳಿದರು. ಮೇಷ್ಟ್ರೇ, ಕುರ್ಚಿಯಲ್ಲಿ ಕುಳಿತರೂ ಪಾಠ ಪಾಠವೇ. ಮುಜುಗರ ಬೇಡ.

ಸಾರಿನಪುಡಿ ಮೈಸೂರು
14 ಫೆಬ್ರುವರಿ 2022

ಕೆಲವರು ಖಾಸಗಿಯಾಗಿ ಕೇಳಿದ್ದರಿಂದ ಬರೆಯುತ್ತಿದ್ದೇನೆ. ಸಂಕ್ರಾಂತಿಯ ಹೊತ್ತಿಗೆ ಕೊತ್ತಂಬರಿ ಬೀಜ ಹುರಿದದ್ದು ಕೊತ್ತಂಬರಿ ಬೀಜದ ಹಾಗೆಯೇ ಬಂತು. ಪೂರ್ತಿ ಗಾಢವಿಲ್ಲ, ಆದರೆ ಅದೇ. ಹಿತ್ತಲಿಗೆ ಓಡುವುದು ನಿಂತಿದೆ. ಕಾಫಿ ಅರ್ಧ ಲೋಟ ಕುಡಿಯುತ್ತೇನೆ, ಆರಿಸಿಕೊಂಡು. ಈರುಳ್ಳಿ ಬೆಂದ ಮೇಲೆ ಪರವಾಗಿಲ್ಲ, ಬಾಡುವಾಗ ಕಷ್ಟ. ಇಂಗು ಮಾತ್ರ ಇಂದಿಗೂ ಶುದ್ಧ ದುರ್ನಾತ. ಅದು ಎಲ್ಲರಿಗೂ ಹಾಗೆಯೇ ಅಲ್ಲವೇ ಎಂದು ಯಜಮಾನರು ತಮಾಷೆ ಮಾಡುತ್ತಾರೆ. ಡಿಸೆಂಬರ್‌ನಿಂದ ತರಬೇತಿಗೆ ಏಲಕ್ಕಿ, ಶುಂಠಿ, ಕಿತ್ತಳೆ ಸಿಪ್ಪೆ, ಮೈಸೂರು ಮಲ್ಲಿಗೆ ಇಟ್ಟುಕೊಂಡಿದ್ದೇನೆ. ಮಲ್ಲಿಗೆ ಎಲ್ಲಕ್ಕಿಂತ ಬೇಗ ಒಲಿಯಿತು.

ಜನವರಿಯ ಮೂರನೇ ಅಲೆಯಲ್ಲಿ ಸೊಸೆಗೆ ಬಂದಿತ್ತು. ಗಂಟಲು ಕೆರೆತ, ಎರಡು ದಿನ ಜ್ವರ, ಅಷ್ಟೆ. ಅವಳ ಮುಂದೆ ದಿನವೂ ಲವಂಗದ ಡಬ್ಬಿ ಹಿಡಿದು ‘ಬರುತ್ತದೆಯೇ’ ಎಂದು ಕೇಳಿ ಕೇಳಿ ಅವಳನ್ನು ಸುಸ್ತು ಮಾಡಿದೆ. ವಾಸನೆ ಹೋಗಲೇ ಇಲ್ಲ. ಆ ಅಲೆ ತಂದ ಓಮಿಕ್ರಾನ್ ತಳಿಯಲ್ಲಿ ಹೋಗುವುದು ಕಡಿಮೆ ಎಂದು ಪತ್ರಿಕೆಗಳಲ್ಲಿಯೂ ಬಂದಿದೆ.

ಪಕ್ಕದ ಮನೆಯ ಹುಡುಗಿಗೆ ಪರೀಕ್ಷೆ ಹತ್ತಿರವಾಗಿದೆ. ಒಬ್ಬೆಗಳನ್ನು ನಾನೇ ಮೂಸಿ ಗುರುತು ಹಾಕಿಡುತ್ತೇನೆ, ಸಂಜೆ ಅವಳು ಬಂದು ತಾನೂ ಗುರುತು ಹಾಕುತ್ತಾಳೆ. ಸಾರಿನ ಪುಡಿಯಲ್ಲಿ ಈಗ ಬಹುತೇಕ ಇಬ್ಬರದೂ ಒಂದೇ. ಇಂಗು ಹಾಕಿದ ಪುಳಿಯೋಗರೆ ಗೊಜ್ಜಿನಲ್ಲಿ ಅವಳದೇ ಅಂತಿಮ.